ಹೊಸ ಆವೃತ್ತಿಯಲ್ಲಿ ನಮ್ಮ ಗಾಮಾ ವರ್ಲ್ಡ್ ಎಲ್ಲಿ?

ಹಳೆಯ ದಾಳ: ಗಾಮಾ ವರ್ಲ್ಡ್ ಎಂಬ, ಪಾತ್ರ ವಹಿಸಿ ಆಡುವ ಮೇಜಿನಾಟದ 1978ರ ಮೊದಲ ಆವೃತ್ತಿಯ ಪುಸ್ತಕದ ಹೊಲಿಗೆ ಬಿಚ್ಚುವಷ್ಟು ಆಡಿದವನು ನಾನು. ಮೊನ್ನೆ 2010ರ ಏಳನೆಯ ಆವೃತ್ತಿಯ ಪೆಟ್ಟಿಗೆ ತೆರೆದೆ. ಪಾಳುಬಿದ್ದ ಜಗತ್ತು, ವಿಕಿರಣ, ವಿಚಿತ್ರ ಜೀವಿಗಳು ಎಲ್ಲವೂ ಇವೆ. ಆದರೆ ಕಾರ್ಡಿನಿಂದ ಬಂದ ರೂಪಾಂತರ ಶಕ್ತಿ ಒಂದು ಕಾಳಗ ಮುಗಿಯುತ್ತಲೇ ಮಾಯ! ಅದು ಮೈಯಲ್ಲಿ ಹುಟ್ಟಿದ್ದೋ, ಬಾಡಿಗೆಗೆ ತಂದದ್ದೋ? ಇನ್ನಷ್ಟು ಕಾರ್ಡು ಬೇಕಾದರೆ ಮುಚ್ಚಿದ ಪೊಟ್ಟಣ ಕೊಳ್ಳಬೇಕು. ಒಳಗೇನಿದೆಯೋ ದೇವರೇ ಬಲ್ಲ. ನನಗೊಬ್ಬನಿಗೇ ಹೀಗೆನ್ನಿಸುತ್ತಿದೆಯೇ?

ಬೂದಿಗುಡ್ಡ: ಪೊಟ್ಟಣದ ಮಾತು ನಿಜ, ನನಗೂ ಸಿಟ್ಟಿದೆ. ಆದರೆ ಇಪ್ಪತ್ತು ಮುಖದ ದಾಳ ಉರುಳಿಸಿ ಎರಡು ಮೂಲಗಳನ್ನು, ಅಂದರೆ ಪಾತ್ರ ಎಂಥ ಜೀವಿ ಎಂದು ಹೇಳುವ ಎರಡು ಬಗೆಗಳನ್ನು, ಬೆಸೆಯುವುದು ಮಜವಾಗಿದೆ. ನನಗೆ ಯಂತ್ರಮಾನವನೂ ಇಲಿಗಳ ಹಿಂಡೂ ಒಟ್ಟಿಗೇ ಬಿದ್ದವು. ತುಕ್ಕು ಹಿಡಿದ ಕವಚದೊಳಗೆ ಇಲಿಗಳೇ ಸನ್ನೆಗೋಲು ಎಳೆಯುತ್ತವೆ ಎಂದು ಕಲ್ಪಿಸಿಕೊಂಡೆ. ಮೇಜಿನ ಸುತ್ತ ನಗು ನಿಲ್ಲಲಿಲ್ಲ.

ಮೂರನೆಯ ಕಣ್ಣು: 1986ರ ಮೂರನೆಯ ಆವೃತ್ತಿಯನ್ನು ಮರೆತಿರಾ? ಎಲ್ಲಕ್ಕೂ ಬಣ್ಣದ ಕೋಷ್ಟಕ ನೋಡಬೇಕಿತ್ತು. ಬಿಟ್ಟುಹೋದ ನಿಯಮಗಳಿಗೆ ಬೇರೆ ಪುರವಣಿಯೇ ಬಂತು. ಅದಕ್ಕಿಂತ ಈ ಏಳನೆಯದು ಎಷ್ಟೋ ವಾಸಿ.

ಹಳೆಯ ದಾಳ: ಮರೆಯುವುದುಂಟೇ! ಆದರೂ ನನಗೆ ಬೇಕಿದ್ದದ್ದು ನಗೆಯಲ್ಲ, ಭಯ. ಬರುವ ಭಾನುವಾರ ನನ್ನದೇ ನಿಯಮ: ಎಳೆದ ಮೊದಲ ಕಾರ್ಡು ಸಾಯುವವರೆಗೂ ನಿಮ್ಮದೇ. ಬೂದಿಗುಡ್ಡ, ನಿಮ್ಮ ಇಲಿಗಳನ್ನೂ ಕರೆತನ್ನಿ.