ಹುಡುಗ್ರ ರೂಮ್ ಮಾಡಸಾಕತ್ತೀವಿ, ಸ್ವಲ್ಪ ಐಡಿಯಾ ಕೊಡ್ರಿ
ನಮಸ್ಕಾರ್ರಿ, ವಿಜಯಪುರದಾಗ ಸೋಲಾಪುರ ರೋಡ್ ಕಡೆ ನಮ್ಮ ಮನಿ. ಮಗಾಗ 8, ಮಗಳಿಗೆ 5, ಇಬ್ಬರಿಗೂ ಕೂಡಿ 10 ಬೈ 11ರ ಒಂದ ರೂಮ್ ಐತಿ. ಬಂಕ್ ಬೆಡ್ ಬೇಕಂತ ಮಗ ಹಟ ಹಿಡದಾನ, ಆದ್ರ ಮ್ಯಾಲಿನ ಮಂಚದ ಮ್ಯಾಲ ಎದ್ದು ನಿಂತ್ರ ಫ್ಯಾನಿಗೆ ಕೈ ಹತ್ತತೈತಿ, ಮತ್ತ ನಮ್ಮ ಬ್ಯಾಸಿಗಿ ನಿಮಗ ಗೊತ್ತಲ್ರಿ, ಸ್ಲ್ಯಾಬ್ ಕಾದು ಮ್ಯಾಲ ಮಲಗೂದ ಆಗಂಗಿಲ್ಲ. ಬಡಿಗ್ಯಾ ಕೆಳಗಿಂದ ಎಳಿಯೂ ಮಂಚ ಮಾಡ್ತೀನಿ ಅಂತಾನ, ಅದರ ಗಾಲಿ ಶಹಾಬಾದಿ ಫರಸಿ ಸಂದ್ಯಾಗ ಸಿಗತಾವೇನೋ ಅಂತ ನನ್ನ ಚಿಂತಿ. ಗ್ವಾಡಿ ಮ್ಯಾಲ ಮಗಳು ಆಗ್ಲೇ ಗೋಳಗುಮ್ಮಟ ಬರದಾಳ, ನಾಕು ಮಿನಾರ ಬಿಟ್ಟು ಏಳು ಹಾಕ್ಯಾಳ 😄 ಅಲ್ಲೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡಸಿದ್ರ ಚಾಕ್ ಧೂಳ ಹಾಸಿಗಿಗೆ ಬರತೈತೇನ್ರಿ? ಯಾರರ ಮಾಡಸಿದ್ರ ಫೋಟೋ ಹಾಕ್ರಿ, ಖರ್ಚೂ ಹೇಳ್ರಿ.