ವಲಯ ವಿಂಗಡಿಸಿದ ಡಕ್ಟ್ ಎ.ಸಿ.: ರಾತ್ರಿ ಮಲಗುವ ಕೋಣೆಗಳ ಉಷ್ಣಾಂಶ ಹಿಡಿತಕ್ಕೆ ಸಿಗುತ್ತಿಲ್ಲ

ಕದ್ರಿ ನಿವಾಸಿ (ಪ್ರಶ್ನೆ)

ಮಾನ್ಯರೇ,

ಮಂಗಳೂರಿನ ಕದ್ರಿಯಲ್ಲಿರುವ ನಮ್ಮ ಮನೆಯ ಮೇಲಂತಸ್ತಿಗೆ 5.5 ಟನ್ನಿನ ಡಕ್ಟ್ ಎ.ಸಿ. (ಒಂದೇ ಯಂತ್ರದ ತಂಪು ಗಾಳಿಯನ್ನು ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಸಾಗಿಸುವಂಥದ್ದು) ಹಾಕಿಸಿದ್ದೇವೆ. ಅದರ ಕಂಪ್ರೆಸರ್ ಇನ್ವರ್ಟರ್ ಮಾದರಿಯದಲ್ಲ, ಒಂದೇ ವೇಗದಲ್ಲಿ ಓಡುವಂಥದ್ದು. ಮೂರು ಮಲಗುವ ಕೋಣೆಗಳಿಗೂ ನಡುವಿನ ಚಾವಡಿಗೂ ಪ್ರತ್ಯೇಕ ಮೋಟಾರು ಡ್ಯಾಂಪರ್ (ಡಕ್ಟಿನೊಳಗೆ ಗಾಳಿಯನ್ನು ಬಿಡುವ, ತಡೆಯುವ ಕದ) ಮತ್ತು ಗೋಡೆಯ ಥರ್ಮೋಸ್ಟಾಟ್ ಇವೆ. ಫಾಲ್ಸ್ ಸೀಲಿಂಗಿನ ಮೇಲೆ ಒಂದು ಬೈಪಾಸ್ ಡಕ್ಟ್ ಕೂಡ ಇದೆ. ಗಾಳಿ ಯಂತ್ರಕ್ಕೆ ಮರಳುವ ದೊಡ್ಡ ಗ್ರಿಲ್ ಇರುವುದು ಚಾವಡಿಯಲ್ಲಿ ಮಾತ್ರ.

ಹಗಲಿನಲ್ಲಿ ಎಲ್ಲ ವಲಯಗಳೂ ತೆರೆದಿರುವಾಗ ಯಾವ ತೊಂದರೆಯೂ ಇಲ್ಲ. ರಾತ್ರಿ ಚಾವಡಿಯ ವಲಯವನ್ನು ಮುಚ್ಚಿ, ಅತ್ತೆ-ಮಾವನವರ ಕೋಣೆಗೆ 27, ನಮ್ಮ ಕೋಣೆಗೆ 24, ಮಗಳ ಕೋಣೆಗೆ 22 ಡಿಗ್ರಿ ಎಂದು ಹೊಂದಿಸಿ, ಬಾಗಿಲು ಹಾಕಿಕೊಂಡು ಮಲಗುತ್ತೇವೆ. ನಡುರಾತ್ರಿಯ ಹೊತ್ತಿಗೆ ಮಗಳ ಕೋಣೆಯ ಗ್ರಿಲ್ ಸಿಳ್ಳೆ ಹೊಡೆಯಲು ತೊಡಗುತ್ತದೆ, ಕಂಪ್ರೆಸರ್ ಐದಾರು ನಿಮಿಷ ಓಡಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ನಮ್ಮ ಕೋಣೆಯಲ್ಲಿ 24 ಎಂದೇ ತೋರಿಸಿದರೂ ಹಾಸಿಗೆ ಮುಟ್ಟಿದರೆ ಹಸಿಹಸಿಯಾಗಿರುತ್ತದೆ. ಮುಚ್ಚಿದ ಚಾವಡಿಯ ಗ್ರಿಲ್ಲಿನ ಸುತ್ತ ನೀರು ಹನಿಯುತ್ತಿದ್ದು, ಅಲ್ಲಿ ಬೂಷ್ಟು ಹಿಡಿಯಲು ಆರಂಭವಾಗಿದೆ. ಕೆಲಸ ಮಾಡಿಸಿಕೊಟ್ಟ ಗುತ್ತಿಗೆದಾರರು ಇನ್ನೆರಡು ಡಿಗ್ರಿ ಇಳಿಸಿ ನೋಡಿ ಎನ್ನುತ್ತಾರೆಯೇ ಹೊರತು ಬೇರೇನೂ ಹೇಳುವುದಿಲ್ಲ. ಇದು ಸರಿಯಾದ ದಾರಿಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮಣಿಪಾಲದಿಂದ (ಉತ್ತರ)

ಕದ್ರಿಯವರೇ, ದಯವಿಟ್ಟು ಇಳಿಸಬೇಡಿ. ನೀವು ಹೇಳಿರುವ ಲಕ್ಷಣಗಳು ನಾಲ್ಕು ಬೇರೆ ಬೇರೆ ತೊಂದರೆಗಳಂತೆ ಕಂಡರೂ ಅವುಗಳ ಮೂಲ ಒಂದೇ: ಇಡೀ ಅಂತಸ್ತಿಗೆಂದು ಅಳೆದ ಯಂತ್ರ ರಾತ್ರಿ ಒಂದು ಕೋಣೆಗಾಗಿ ಓಡುತ್ತಿದೆ.

ಇಂಥ ಯಂತ್ರಗಳಲ್ಲಿ ಒಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಕಾಯಿಲಿನ (ಯಂತ್ರದೊಳಗೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆಸುರುಳಿಯ) ಮೇಲೆ ಹಾಯಬೇಕೆಂಬುದು ಸಾಮಾನ್ಯ ಲೆಕ್ಕ. ಅಂದರೆ ನಿಮ್ಮದಕ್ಕೆ 2,200 ಘನ ಅಡಿಯಷ್ಟು ಬೇಕು. ಒಂದು ಮಲಗುವ ಕೋಣೆಯ ಡಕ್ಟ್ ಇದರ ಕಾಲು ಭಾಗವನ್ನು ಸದ್ದಿಲ್ಲದೆ ಸಾಗಿಸಿದರೆ ಹೆಚ್ಚು. ಅತ್ತೆ-ಮಾವನವರ ಕೋಣೆಯೂ ನಿಮ್ಮ ಕೋಣೆಯೂ ತಮ್ಮ ಗುರಿ ಮುಟ್ಟಿ ಡ್ಯಾಂಪರ್ ಮುಚ್ಚಿಕೊಂಡ ಮೇಲೆ ಉಳಿಯುವುದು ಮಗಳ ಕೋಣೆ ಮಾತ್ರ, ಅದೂ 22 ಡಿಗ್ರಿಯ ಬೇಡಿಕೆಯೊಡನೆ. ಸಿಳ್ಳೆ ಅಲ್ಲಿಂದ ಬರುತ್ತದೆ. ಹೆಚ್ಚಾದ ಗಾಳಿ ಬೈಪಾಸ್ ಮೂಲಕ ಯಂತ್ರಕ್ಕೇ ಹಿಂದಿರುಗುತ್ತದೆ. ಆದರೆ ಅದು ಆಗಲೇ ತಣ್ಣಗಾದ ಗಾಳಿಯಾದ್ದರಿಂದ ಕಾಯಿಲ್ ಇನ್ನಷ್ಟು ತಣ್ಣಗಾಗಿ, ಕೊನೆಗೆ ಮಂಜು ಕಟ್ಟುವ ಮಟ್ಟಕ್ಕೂ ಹೋಗಬಹುದು. ಬೈಪಾಸ್ ಒತ್ತಡವನ್ನು ತಗ್ಗಿಸುತ್ತದೆಯೇ ವಿನಾ ಯಂತ್ರದ ಗಾತ್ರವನ್ನು ತಗ್ಗಿಸುವುದಿಲ್ಲ.

ಇನ್ನು ಹಸಿಯ ವಿಷಯ. ಕರಾವಳಿಯಲ್ಲಿ ಇದೇ ಮುಖ್ಯ, ಥರ್ಮೋಸ್ಟಾಟಿನ ಅಂಕಿಗಿಂತಲೂ ಮುಖ್ಯ. ಕಾಯಿಲ್ ಗಾಳಿಯಿಂದ ನೀರನ್ನು ಹಿಂಡಿ ತೆಗೆಯಬೇಕಾದರೆ ಕಂಪ್ರೆಸರ್ ಸಾಕಷ್ಟು ಹೊತ್ತು ಬಿಡದೆ ಓಡಬೇಕು. ಐದಾರು ನಿಮಿಷದ ಓಟದಲ್ಲಿ ಕಾಯಿಲಿನ ಮೇಲೆ ಕೂತ ನೀರು ತಟ್ಟೆಗೆ ಇಳಿಯುವಷ್ಟರಲ್ಲಿ ಕಂಪ್ರೆಸರ್ ನಿಂತಿರುತ್ತದೆ. ಆಗ ಫ್ಯಾನ್ ಮಾತ್ರ ತಿರುಗುತ್ತಲೇ ಇದ್ದರೆ ಅದೇ ನೀರು ಆವಿಯಾಗಿ ಕೋಣೆಗೆ ವಾಪಸು ಬರುತ್ತದೆ. ಆದ್ದರಿಂದ ಇವತ್ತೇ ಮಾಡಬಹುದಾದ, ಖರ್ಚಿಲ್ಲದ ಕೆಲಸವೆಂದರೆ ಫ್ಯಾನಿನ ಆಯ್ಕೆ ‘ಆನ್’ ಎಂದಿದ್ದರೆ ಅದನ್ನು ‘ಆಟೋ’ಗೆ ಬದಲಿಸುವುದು.

ಬೂಷ್ಟಿಗೂ ಇದೇ ತೇವ ಕಾರಣ. 28 ಡಿಗ್ರಿಯ, ಶೇ. 80 ಆರ್ದ್ರತೆಯ ಗಾಳಿ ಸುಮಾರು 24 ಡಿಗ್ರಿಯ ಮೇಲ್ಮೈಗೆ ತಾಗಿದರೆ ಸಾಕು, ನೀರಾಗಿ ಇಳಿಯುತ್ತದೆ. ನಮ್ಮ ಊರಿನ ರಾತ್ರಿಗಳಲ್ಲಿ ಇಂಥ ಗಾಳಿ ವಿಶೇಷವೇನಲ್ಲ. ಡಕ್ಟಿನೊಳಗಿನ ಗಾಳಿಯಾದರೋ 12ರಿಂದ 14 ಡಿಗ್ರಿಯದು. ಮುಚ್ಚಿದ ಡ್ಯಾಂಪರಿನ ಸಂದಿಯಿಂದ ಸೋರುವ ಸ್ವಲ್ಪ ತಂಪೇ ಚಾವಡಿಯ ಗ್ರಿಲ್ಲನ್ನು ತಣ್ಣಗಿಡುತ್ತದೆ, ಎ.ಸಿ. ಇಲ್ಲದ ಚಾವಡಿಯ ಸೆಖೆ ಅದರ ಮೇಲೆ ಹನಿಗಟ್ಟುತ್ತದೆ. ಮಗಳ ಕೋಣೆಯ ಗೋಡೆಯ ಹೊರಮೈಯನ್ನೂ ಒಮ್ಮೆ ಮುಟ್ಟಿ ನೋಡಿ, ಒಳಗೆ 22 ಡಿಗ್ರಿ ಇರುವುದರಿಂದ ಅಲ್ಲೂ ಹನಿಗಟ್ಟಿರಬಹುದು.

ಬಾಗಿಲಿನ ಕಡೆಗೂ ಗಮನ ಕೊಡಬೇಕು. ಗಾಳಿ ಮರಳುವ ಗ್ರಿಲ್ ಚಾವಡಿಯಲ್ಲಿ ಮಾತ್ರ ಇರುವಾಗ, ಬಾಗಿಲು ಮುಚ್ಚಿದ ಕೋಣೆಗೆ ಹೋದ ಗಾಳಿಗೆ ಹೊರಬರಲು ದಾರಿಯಿಲ್ಲ; ಚಾವಡಿಯಲ್ಲಿ ಉಂಟಾಗುವ ಕೊರತೆಯನ್ನು ಯಂತ್ರವು ಮೆಟ್ಟಿಲ ಕಡೆಯಿಂದಲೂ ಕಿಟಕಿಯ ಸಂದಿಗಳಿಂದಲೂ ಹೊರಗಿನ ಒದ್ದೆ ಗಾಳಿಯನ್ನು ಎಳೆದು ತುಂಬಿಸಿಕೊಳ್ಳುತ್ತದೆ. ಎ.ಸಿ. ಓಡುವಾಗ ಬಾಗಿಲನ್ನು ಎರಡು ಬೆರಳಷ್ಟು ತೆರೆದು ಹಿಡಿಯಿರಿ. ಸಂದಿಯಿಂದ ಗಾಳಿ ರಭಸವಾಗಿ ಹೊರಗೆ ನುಗ್ಗಿದರೆ ನಾನು ಹೇಳುತ್ತಿರುವುದು ನಿಮ್ಮ ಮನೆಯಲ್ಲೂ ನಡೆಯುತ್ತಿದೆ ಎಂದರ್ಥ. ಬಾಗಿಲಿನ ಅಡಿಯನ್ನು ಒಂದು ಅಂಗುಲ ಕತ್ತರಿಸುವುದು ಇಷ್ಟು ಗಾಳಿಗೆ ಸಾಲದು. ಬಾಗಿಲ ಮೇಲಿನ ಗೋಡೆಯಲ್ಲಿ ಗ್ರಿಲ್ ಕೂರಿಸಬೇಕು.

ಸದ್ಯಕ್ಕೆ ರಾತ್ರಿ ಚಾವಡಿಯ ಡ್ಯಾಂಪರನ್ನು ಪೂರ್ತಿ ಮುಚ್ಚದೆ ಅರ್ಧ ತೆರೆದಿಡಿ. ಯಾರೂ ಮಲಗದ ಜಾಗಕ್ಕೆ ತಂಪು ದಂಡ ಎಂದು ಅನ್ನಿಸಬಹುದು. ಆದರೆ ಯಂತ್ರಕ್ಕೆ ಉಸಿರಾಡಲು ಅಷ್ಟು ಜಾಗ ಬೇಕು.

ಮಲ್ಪೆಯಿಂದ (ಉತ್ತರ)

ಮಣಿಪಾಲದವರು ಕೊಟ್ಟ ಕಾರಣಗಳನ್ನು ಒಪ್ಪುತ್ತೇನೆ, ಪರಿಹಾರವನ್ನು ಪೂರ್ತಿ ಒಪ್ಪಲಾರೆ. ಖಾಲಿ ಚಾವಡಿಯನ್ನು ಇಡೀ ರಾತ್ರಿ ತಂಪು ಮಾಡಿ ಮೆಸ್ಕಾಂ ಬಿಲ್ ಕಟ್ಟುವುದಕ್ಕಿಂತ, ಡಕ್ಟ್ ಎ.ಸಿ.ಯನ್ನು ಹಗಲಿಗೆ ಬಿಟ್ಟು, ಮಲಗುವ ಕೋಣೆಗಳಿಗೆ ಒಂದೊಂದು ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಹಾಕಿಸುವುದು ಮೇಲು. ಇನ್ವರ್ಟರ್ ಕಂಪ್ರೆಸರ್ ವೇಗ ತಗ್ಗಿಸಿಕೊಂಡು ನಿಲ್ಲದೆ ಓಡುತ್ತಿರುವುದರಿಂದ ತೇವವನ್ನೂ ಸಮನಾಗಿ ತೆಗೆಯುತ್ತದೆ, ಮತ್ತು ಬಾಗಿಲು ಹಾಕಿಕೊಂಡರೂ ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ. ಸಮುದ್ರಕ್ಕೆ ಹತ್ತಿರವಿರುವವರು ಹೊರಗಿನ ಯೂನಿಟ್ಟಿನ ರೆಕ್ಕೆಗಳಿಗೆ ತುಕ್ಕು ತಡೆಯುವ ಲೇಪನ ಇದೆಯೇ ಎಂದು ಕೇಳಿಯೇ ಕೊಳ್ಳಬೇಕು. ಉಪ್ಪುಗಾಳಿಗೆ ಬರಿಯ ಅಲ್ಯೂಮಿನಿಯಂ ಬಹಳ ಕಾಲ ನಿಲ್ಲುವುದಿಲ್ಲ.

22 ಡಿಗ್ರಿಯ ಅಗತ್ಯವನ್ನೇ ಪ್ರಶ್ನಿಸಬೇಕೆಂದು ನನ್ನ ಅಭಿಪ್ರಾಯ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಹೇಳುತ್ತದೆ; 2020ರಿಂದ ಸ್ಟಾರ್ ಗುರುತಿನ ಕೋಣೆ ಎ.ಸಿ.ಗಳು 24 ಡಿಗ್ರಿಯ ಆರಂಭಿಕ ಹೊಂದಾಣಿಕೆಯೊಡನೆ ಬರುವುದೂ ಈ ಉದ್ದೇಶಕ್ಕಾಗಿಯೇ. 26ಕ್ಕೆ ಇಟ್ಟು ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಿಸಿದರೆ ಮೈಗೆ ಎರಡು ಡಿಗ್ರಿ ಕಡಿಮೆ ಇದ್ದಂತೆಯೇ ಅನ್ನಿಸುತ್ತದೆ. ಮಕ್ಕಳಿಗೆ ಇದನ್ನು ಹೇಳಿ ಒಪ್ಪಿಸುವುದು ಬೇರೆಯೇ ಕೆಲಸ.

ಕದ್ರಿ ನಿವಾಸಿ

ಇಬ್ಬರಿಗೂ ಧನ್ಯವಾದಗಳು. ಫ್ಯಾನ್ ‘ಆನ್’ನಲ್ಲೇ ಇತ್ತು, ಬದಲಿಸಿದ್ದೇನೆ. ಬಾಗಿಲಿನ ಸಂದಿಯಲ್ಲಿ ಗಾಳಿ ನಿಜಕ್ಕೂ ರಭಸವಾಗಿಯೇ ನುಗ್ಗುತ್ತದೆ. ಆದರೆ ಮೂರು ಸ್ಪ್ಲಿಟ್‌ಗಳ ಖರ್ಚು ಈಗ ಸಾಧ್ಯವಿಲ್ಲ. ಒಂದನ್ನು ಮಾತ್ರ ಹಾಕಿಸುವುದಾದರೆ, ವಯಸ್ಸಾದವರ ಅನುಕೂಲಕ್ಕೆ ಅತ್ತೆ-ಮಾವನವರ ಕೋಣೆಗೇ ಹಾಕಿಸಬೇಕಲ್ಲವೇ?

ಮಣಿಪಾಲದಿಂದ

ಅಲ್ಲ, ಮಗಳ ಕೋಣೆಗೆ ಹಾಕಿಸಿ. ಹಿರಿಯರು ಕೇಳುತ್ತಿರುವುದು 27. ಅಷ್ಟನ್ನು ಕೊಡಲು ಯಂತ್ರ ಸ್ವಲ್ಪ ಹೊತ್ತು ಓಡಿದರೆ ಸಾಕು. ಉಳಿದವರ ಬೇಡಿಕೆ ತೀರಿದ ಮೇಲೂ ಇಡೀ 5.5 ಟನ್ನನ್ನು ಒಂಟಿಯಾಗಿ ಎಬ್ಬಿಸುತ್ತಿರುವುದು 22ರ ಕೋಣೆ. ಅದನ್ನು ರಾತ್ರಿ ಡಕ್ಟಿನಿಂದ ಬಿಡಿಸಿ, ಉಳಿದೆರಡು ಕೋಣೆಗಳಿಗೂ 26 ಎಂಬ ಒಂದೇ ಗುರಿ ಕೊಟ್ಟರೆ ಅವೆರಡೂ ಹೆಚ್ಚುಕಡಿಮೆ ಒಟ್ಟಿಗೇ ತಂಪು ಕೇಳುತ್ತವೆ, ಒಟ್ಟಿಗೇ ತಣಿಯುತ್ತವೆ. ಚಾವಡಿ ಅರ್ಧ ತೆರೆದಿರುವುದರಿಂದ ಕಂಪ್ರೆಸರಿನ ಪ್ರತಿ ಓಟವೂ ಉದ್ದವಾಗುತ್ತದೆ. ಹಿರಿಯರಿಗೆ 26 ಚಳಿಯೆನಿಸಿದರೆ ಗ್ರಿಲ್ಲಿನ ರೆಕ್ಕೆಗಳನ್ನು ಹಾಸಿಗೆಯಿಂದ ಆಚೆಗೆ ತಿರುಗಿಸಿ. ವಯಸ್ಸಾದವರಿಗೆ ಹೆಚ್ಚಾಗಿ ಆಗದಿರುವುದು ಮೈಮೇಲೆ ನೇರವಾಗಿ ಬೀಳುವ ಗಾಳಿ.

ಮಳೆಗಾಲಕ್ಕೆ ಈ ಲೆಕ್ಕ ಸರಿಹೋಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಹೊರಗೇ 24–25 ಡಿಗ್ರಿ ಇರುವಾಗ ತಂಪಿಗೆ ಕೆಲಸವಿಲ್ಲ, ತೇವಕ್ಕೆ ಮಾತ್ರ ಕೆಲಸ. ಆಗ ಡಕ್ಟ್ ಎ.ಸಿ.ಯನ್ನು ನಿಲ್ಲಿಸಿ, ಹಿರಿಯರ ಕೋಣೆಗೆ ಒಂದು ಸಣ್ಣ ಡಿಹ್ಯುಮಿಡಿಫೈಯರ್ ಇಡುವುದು ಒಳ್ಳೆಯದು.

ಸುರತ್ಕಲ್‌ನಿಂದ (ಉತ್ತರ)

ಒಂದು ಪ್ರಶ್ನೆ: ಮಗಳ ಕೋಣೆ ಪಡುದಿಕ್ಕಿಗಿದೆಯೇ, ಮತ್ತು ಅದರ ಮೇಲೆ ಬರಿಯ ತಾರಸಿಯೇ? ಹಾಗಿದ್ದರೆ ಹಗಲೆಲ್ಲ ಬಿಸಿಲುಂಡ ಕಾಂಕ್ರೀಟ್ ಸ್ಲ್ಯಾಬ್ ರಾತ್ರಿ ಬಹಳ ಹೊತ್ತಿನವರೆಗೂ ಆ ಕಾವನ್ನು ಕೆಳಗೆ ಬಿಡುತ್ತಿರುತ್ತದೆ. ಗಾಳಿ 24 ಇದ್ದರೂ ಸೂರಿನ ಕಾವು ಮೈಗೆ ತಾಗಿ 22 ಬೇಕೆನಿಸುತ್ತದೆ. ನಮ್ಮ ಕಡೆ ಮಳೆಗೆಂದು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುತ್ತಾರಲ್ಲ, ಅದು ಬೇಸಗೆಯಲ್ಲಿ ಸ್ಲ್ಯಾಬಿಗೆ ನೆರಳೂ ಆಗುತ್ತದೆ. ನಡುವೆ ಗಾಳಿಯಾಡಲು ಎತ್ತರ ಬಿಟ್ಟಿರಬೇಕು ಅಷ್ಟೆ. ಸ್ಪ್ಲಿಟ್ಟಿನ ಗಾತ್ರ ನಿರ್ಧರಿಸುವ ಮೊದಲು ಇದನ್ನು ನೋಡಿಕೊಳ್ಳಿ. ನೆರಳಿದ್ದರೆ ಒಂದು ಟನ್ ಸಾಕಾದೀತು, ಇಲ್ಲದಿದ್ದರೆ ಒಂದೂವರೆ ಬೇಕಾದೀತು.

ಕದ್ರಿ ನಿವಾಸಿ

ಹೌದು, ಪಡುದಿಕ್ಕಿಗೇ ಇದೆ, ಮೇಲೆ ಶೀಟಿಲ್ಲ. ಶೀಟಿನ ಕೆಲಸದವರನ್ನು ಮೊದಲು ಕರೆಸುತ್ತೇನೆ. ಬಾಗಿಲ ಮೇಲಿನ ಗ್ರಿಲ್ ಮತ್ತು ಸ್ಪ್ಲಿಟ್ ಅದರ ನಂತರ.