ಹ್ಯಾಮ್ (ಹವ್ಯಾಸಿ) ರೇಡಿಯೊ ಲೈಸೆನ್ಸ್‌ಗೆ ರಿಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ಗ್ರೇಡ್ ಯಾಕೆ? ಒಂದೇ ಮಾಡಿದ್ರೆ ಆಗೂದಿಲ್ವಾ?

ಶಿರಸಿ_ತೋಟ:
ನಮಸ್ಕಾರ ಎಲ್ರಿಗೂ. ನಂದು ಶಿರಸಿ ಹತ್ರ ಹಳ್ಳಿ. ಹೋದ ವರ್ಷ ಕೆಳಗಿನ ಗ್ರೇಡ್ ರಿಸ್ಟ್ರಿಕ್ಟೆಡ್ ಪಾಸಾಗಿ, ರೇಡಿಯೊದಲ್ಲಿ ನನ್ನ ಗುರುತಾದ, ವಿಯು3 ಅಂತ ಶುರುವಾಗೋ ಕಾಲ್‌ಸೈನ್ ಬಂತು. ಜನರಲ್ ಬರಿಯೋಣ ಅಂದ್ರೆ ನಿಮಿಷಕ್ಕೆ 8 ಪದ ಮೋರ್ಸ್ (ಉದ್ದ-ಗಿಡ್ಡ ಸದ್ದಿನ ಸಂಕೇತ) ಬರ್ಬೇಕು, ಕೇಳಿ ಬರ್ಕೊಳ್ಳೋದೂ ಬೇಕು ಕಳ್ಸೋದೂ ಬೇಕು. ತೋಟದ ಕೆಲ್ಸ ಮುಗ್ಸಿ ರಾತ್ರಿ ಇಯರ್‌ಫೋನ್ ಹಾಕಿ ಕೂತ್ರೆ ಹತ್ತು ನಿಮಿಷಕ್ಕೆ ನಿದ್ದೆ. ಅಮೆರಿಕದಲ್ಲಿ 2000ದಲ್ಲೇ ಆರು ಕ್ಲಾಸನ್ನ ಮೂರಕ್ಕೆ ಇಳ್ಸಿದ್ರು, 2007ರಲ್ಲಿ ಮೋರ್ಸ್ ಪರೀಕ್ಷೆನೇ ತೆಗ್ದ್ರು. ನಮ್ಮಲ್ಲೂ ಎರಡೂ ಸೇರ್ಸಿ ಒಂದೇ ಲೈಸೆನ್ಸ್ ಮಾಡಿದ್ರೆ ಯಾರ ಗಂಟು ಹೋಗ್ತದೆ?

ಕಾರವಾರ_ಕಡಲು:
ತಮಾ, ಮೊದ್ಲು ನಾಲ್ಕಿತ್ತು. ಅಡ್ವಾನ್ಸ್ಡ್, ಗ್ರೇಡ್ ಒಂದು, ಗ್ರೇಡ್ ಎರಡು, ರಿಸ್ಟ್ರಿಕ್ಟೆಡ್. ಗ್ರೇಡ್ ಎರಡಕ್ಕೆ 5 ಪದ, ಮೇಲಿನ ಎರಡಕ್ಕೂ 12. ಆಗಿನ ರಿಸ್ಟ್ರಿಕ್ಟೆಡ್‌ನವ್ರಿಗೆ ಎಚ್‌ಎಫ್ (ದೂರ ಹೋಗೋ ಶಾರ್ಟ್‌ವೇವ್) ಇರ್ಲೇ ಇಲ್ಲ, ಹೆಚ್ಚಾಗಿ ನೇರಕ್ಕೇ ಹೋಗೋ ವಿಎಚ್‌ಎಫ್‌ನಲ್ಲಿ ಘಟ್ಟದ ಒಂದು ಗುಡ್ಡ ಅಡ್ಡ ಬಂದ್ರೆ ಮುಗೀತು ಕಥೆ. ಈಗ ನಿಂಗೆ ಎಚ್‌ಎಫ್‌ನಲ್ಲಿ 50 ವಾಟ್ ಉಂಟು, ಜನರಲ್ ಇರೋ ನಂಗೆ 400. ಕೇಳೋಕೆ ಎಂಟು ಪಟ್ಟು, ಲೆಕ್ಕ ಹಾಕಿದ್ರೆ 9 ಡೆಸಿಬೆಲ್, ಅಂದ್ರೆ ಸಿಗ್ನಲ್ ಎಷ್ಟು ಜೋರು ಅಂತ ತೋರ್ಸೋ ಆಚೆಯವನ ಎಸ್ ಮೀಟರ್‌ನಲ್ಲಿ ಒಂದೂವರೆ ಪಾಯಿಂಟು. ಇಷ್ಟಕ್ಕೆ ತಲೆಬಿಸಿ ಮಾಡ್ಕೊಳ್ಳೋ ಬದ್ಲು ಆಂಟೆನಾ ಮೇಲೇರ್ಸು. ಎಚ್‌ಎಫ್‌ನ 40 ಮೀಟರ್ ಬ್ಯಾಂಡಿಗೆ ಡೈಪೋಲ್ ಅಂದ್ರೆ ವೈರಿನ ಆಂಟೆನಾ, ಆಚೆ 10 ಮೀಟರ್ ಈಚೆ 10 ಮೀಟರ್ ವೈರು, ಹಗಲಲ್ಲಿ ಸಿಗ್ನಲ್ ನೆಟ್ಟಗೆ ಮೇಲೆ ಹೋಗಿ ಇಳೀತದೆ, ಗುಡ್ಡದ ಹಂಗಿಲ್ಲ. ನಂದೇ ತೊಂದ್ರೆ ಬೇರೆ, ಉಪ್ಪುಗಾಳಿಗೆ ಪ್ರತಿ ಮಳೆಗಾಲ ಕನೆಕ್ಟರ್ ಹಸ್ರು ಹಿಡೀತದೆ.

ಕುಮಟಾ_ಕೀ:
ಸೇರ್ಸೋದು ಬೇಡ ಅಂತ ನನ್ನ ಲೆಕ್ಕ. ಒಂದೇ ಮಾಡಿದ್ರೆ ಪೇಪರ್ ಜನರಲ್ ಮಟ್ಟಕ್ಕೆ ಏರ್ತದೆ ಬಿಟ್ರೆ ರಿಸ್ಟ್ರಿಕ್ಟೆಡ್ ಮಟ್ಟಕ್ಕೆ ಇಳಿಯೂದಿಲ್ಲ ಮಾರಾಯ್ರೆ, ಆಮೇಲೆ 12 ವರ್ಷದ ಹುಡುಗ್ರು ಒಳಗೆ ಬರೋ ಬಾಗ್ಲೇ ಮುಚ್ಚೋಗ್ತದೆ. ಮೋರ್ಸ್ ಮಾತ್ರ ತೆಗೀಲಿ, 2003ರ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಸಮ್ಮೇಳನದಲ್ಲೇ ಅದು ಆಯಾ ದೇಶಕ್ಕೆ ಬಿಟ್ಟದ್ದು ಅಂತ ಆಗಿದೆ. ಹೆಸ್ರಲ್ಲಿ ಕೀ (ಮೋರ್ಸ್ ಒತ್ತೋ ಗುಂಡಿ) ಇಟ್ಕೊಂಡು ಹೀಗಂತಾನಲ್ಲ ಅನ್ಬೇಡಿ, ಆಷಾಢದ ಗುಡುಗಿನ ಗರಗರದಲ್ಲಿ ದನಿ ಮುಳುಗಿದ್ರೂ ಕೀ ಸದ್ದು ಸಣ್ಣಗೆ ಕೇಳ್ತದೆ, ಅದಕ್ಕೇ ಕಲ್ತದ್ದು. ಪರೀಕ್ಷೆಗೆ ಅಂತ ಕಲ್ತವ್ರು ಪಾಸಾದ ಮಾರನೇ ದಿನ ಕೀ ಅಟ್ಟಕ್ಕೆ ಹಾಕಿದ್ದನ್ನೂ ನೋಡಿದ್ದೆ.

ಶಿರಸಿ_ತೋಟ:
ಒಂದೂವರೆ ಪಾಯಿಂಟು ಅಂತ ಗೊತ್ತೇ ಇರ್ಲಿಲ್ಲ 😅 ನಂದು ಡೈಪೋಲ್ ಈಗ ಮಾಡಿನ ಮಟ್ಟಕ್ಕೆ ಇದೆ. ಎರಡು ಅಡಿಕೆ ಮರಕ್ಕೆ ಬಿಗಿದು ಕಟ್ಟಿದ್ದೆ, ಗಾಳಿಗೆ ಎರಡೂ ಎರಡು ದಿಕ್ಕಿಗೆ ತೂಗಿ ವೈರೇ ಹರ್ಕೊಂಡು ಬಂತು.

ಕಾರವಾರ_ಕಡಲು:
ಬಿಗಿದು ಕಟ್ಟಿದ್ರೆ ಮತ್ತೇನಾಗ್ತದೆ! ಒಂದು ತುದಿಗೆ ರಾಟೆ ಹಾಕಿ ಹಗ್ಗದ ಕೊನೆಗೆ ಕಲ್ಲು ತೂಗಿಬಿಡು, ಮರ ತೂಗಿದ ಹಾಗೆ ಕಲ್ಲು ಮೇಲೆ ಕೆಳಗೆ ಆಡ್ತಿರ್ತದೆ. ಅಡಿಕೆ ಕೊನೆ ಕೊಯ್ಯೋ ಕೊನೆಗೌಡ ಮರ ಹತ್ತಿದಾಗ್ಲೇ ರಾಟೆ ಕಟ್ಸು, ಕಲ್ಲಿನ ಅಡಿ ಮಾತ್ರ ಯಾರೂ ಓಡಾಡ್ದೇ ಇರ್ಲಿ.

ಶಿರಸಿ_ತೋಟ:
ಕೊನೆಗೌಡ ಬರೋದು ಇನ್ನು ಎಂಟು ದಿನಕ್ಕೆ. ಅಷ್ಟ್ರಲ್ಲಿ ಕುಮಟಾ ಅಣ್ಣ, ಅಟ್ಟಕ್ಕೆ ಹಾಕಿದ ಕೀ ಯಾರ ಹತ್ರನಾದ್ರೂ ಇದ್ರೆ ಹೇಳಿ, ತಗೊಳ್ತೆ.